ಎಂಬತ್ತಕ್ಕೆ ಹದಿಮೂರು ಮೈಲಿ

ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಭಾನುಮತಿ ಮೂವತ್ತೆಂಟು ವರ್ಷದವರೆಗೆ ಮೊಣಕಾಲಿಗಿಂತ ಆಳದ ನೀರಿಗೆ ಇಳಿದವಳೇ ಅಲ್ಲ. ಭದ್ರಾ ನಾಲೆಯ ಮೆಟ್ಟಿಲ ಮೇಲೆ ಕೂತು ಕಾಲು ತೊಳೆದುಕೊಂಡದ್ದೇ ಅವಳ ಜಲಸಾಹಸ. ಅಂಥ ಹೆಂಗಸು ನಲವತ್ತಮೂರನೆಯ ವಯಸ್ಸಿನಲ್ಲಿ, ಹನ್ನೊಂದು ಮೀಟರ್ ಉದ್ದದ ಹಾಯಿದೋಣಿ ಹತ್ತಿ ಉತ್ತರ ಧ್ರುವದ ದಿಕ್ಕಿಗೆ ಹೋಗುತ್ತೇನೆ ಎಂದರೆ ಸ್ವೀಡನ್ನಿನ ವೆಸ್ಟೆರಾಸ್ ಊರಿನ ಕನ್ನಡದವರು ಸುಮ್ಮನಿರುತ್ತಾರೆಯೇ?

2016ರ ಯುಗಾದಿ ಊಟಕ್ಕೆ ಹತ್ತು ಮನೆಯವರು ಸೇರಿದ್ದಾಗ ಸುದ್ದಿ ಹೊರಬಿತ್ತು. "ಭಾನು, ನಿಂಗೇನು ತಲೆ ಕೆಟ್ಟಿದ್ಯೇನೇ? ರಜಾ ಇದ್ರೆ ಇಂಡಿಯಾಗೆ ಹೋಗು, ಇಲ್ಲಾಂದ್ರೆ ಇಟಲಿಗೆ ಹೋಗು. ಐಸ್ ನೋಡೋಕೆ ಅಲ್ಲೀತನಕ ಹೋಗ್ಬೇಕಾ? ಫೆಬ್ರವರಿಲಿ ಬಾಗ್ಲು ತೆಗೆದ್ರೆ ಸಾಕಲ್ಲ!" ಎಂದಳು ಸುಲೋಚನಾ. ಸುಲೋಚನಾಗೆ ಬಾಯಿ ಸ್ವಲ್ಪ ಮುಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾನುಮತಿಯೂ ನಕ್ಕಳು, ಸುಲೋಚನಾಳ ತಟ್ಟೆಗೆ ಇನ್ನೊಂದು ಸೌಟು ಬಿಸಿಬೇಳೆಬಾತ್ ಬಡಿಸಿದಳು. ವಾದಕ್ಕೆ ಇಳಿಯುವುದು ಅವಳ ಜಾಯಮಾನವಲ್ಲ. ದೋಣಿ ಹೊರಡಲಿದ್ದ ನಾರ್ವೆಯ ಟ್ರೋಮ್ಸೋಗೆ ವಿಮಾನದ ಟಿಕೆಟ್ ಆಗಲೇ ತೆಗೆದಾಗಿತ್ತು.

ಇದಕ್ಕೆಲ್ಲ ಮೂಲ ಗುನ್ನೆಲ್. ನಿವೃತ್ತಳಾದ ಗಣಿತದ ಟೀಚರ್; ಊರಿನ ಲೈಬ್ರರಿಯಲ್ಲಿ ಗುರುವಾರ ಸಂಜೆ ಹೊಸಬರ ಜೊತೆ ಕೂತು ಸ್ವೀಡಿಷ್ ಮಾತಾಡಿಸುತ್ತಿದ್ದಳು. ಟ್ರಾನ್ಸ್‌ಫಾರ್ಮರ್ ಪರೀಕ್ಷಿಸುವ ಕೆಲಸದಲ್ಲಿದ್ದ ಭಾನುಮತಿ ಅಲ್ಲಿಗೆ ಹೋಗುತ್ತಿದ್ದಳು. 2011ರ ಏಪ್ರಿಲ್‌ನಲ್ಲಿ ಒಂದು ದಿನ ಗುನ್ನೆಲ್, "ಶನಿವಾರ ಬಾ, ನನ್ನ ದೋಣಿ ತೋರಿಸ್ತೀನಿ. ಫೀಕಾ ಕೊಡ್ತೀನಿ" ಎಂದಳು. ಫೀಕಾ ಎಂದರೆ ಕಾಫಿ, ತಿಂಡಿ. ಯಾರಾದರೂ ಮನೆಗೆ ಕರೆದರೆ ನಾವು ಹೇಗೆ ಹೋಗುತ್ತೇವೆ? ಭಾನುಮತಿ ಒಳ್ಳೆಯ ಚೂಡಿದಾರ್ ಹಾಕಿಕೊಂಡು, ಡಬ್ಬಿ ತುಂಬ ಕೇಸರಿಬಾತ್ ಮಾಡಿಕೊಂಡು ಹೋದಳು. ಮೇಲಾರೆನ್ ಸರೋವರದ ದಡದಲ್ಲಿ ಕಟ್ಟೆಯ ಮೇಲೇರಿಸಿದ ದೋಣಿಗಳ ಸಾಲು. ಗುನ್ನೆಲ್ ಡಬ್ಬಿ ಇಸಿದುಕೊಂಡು ಪಕ್ಕಕ್ಕಿಟ್ಟು, ಅವಳ ಕೈಗೆ ಒಂದು ಕೆರೆಯುವ ಸಲಾಕೆ, ಮೂಗಿಗೊಂದು ಮುಸುಕು ಕೊಟ್ಟಳು. ದೋಣಿಯ ತಳದ ಹಳೆಯ ಬಣ್ಣ ಕೆರೆಯಬೇಕಿತ್ತು! ಭಾನುಮತಿ ಒಳಗೊಳಗೇ ಬೈದುಕೊಂಡಳು. ಆದರೂ ಮೂರು ಗಂಟೆ ಕೆರೆದಳು.

ಮೇ ತಿಂಗಳಲ್ಲಿ ದೋಣಿ ನೀರಿಗಿಳಿಯಿತು. ಭಾನುಮತಿ ಕಂಬಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಹಾಯಿ ಏರಿಸಿ ಗುನ್ನೆಲ್ ಎಂಜಿನ್ ಆರಿಸಿದ ಮೇಲೆ ಕಣ್ಣು ಬಿಟ್ಟಳು. ಅಷ್ಟು ತೂಕದ ದೋಣಿ ಸದ್ದೇ ಇಲ್ಲದೆ ಮುಂದಕ್ಕೆ ಹೋಗುತ್ತಿತ್ತು. ಹಗಲೆಲ್ಲ ಟ್ರಾನ್ಸ್‌ಫಾರ್ಮರ್‌ಗಳ ಗುಂಯ್ ಸದ್ದಿನಲ್ಲಿ ದುಡಿಯುವವಳಿಗೆ ಇದೆಂಥ ಸುಖ ಎನ್ನಿಸಿತು. ಅವತ್ತೇ ಹುಚ್ಚು ಹಿಡಿಯಿತು, ನೋಡಿ.

ಈಜು ಬರದವರನ್ನು ದೂರ ಕರೆದೊಯ್ಯುವುದಿಲ್ಲ ಎಂದು ಗುನ್ನೆಲ್ ಕಡ್ಡಿ ಮುರಿದಂತೆ ಹೇಳಿದ್ದಳು. ಸರಿ, ಭಾನುಮತಿ ಆರು ವರ್ಷದ ಮಕ್ಕಳ ಜೊತೆ ಈಜುಕೊಳಕ್ಕೆ ಸೇರಿದಳು. ಮಗಳು ನಿವೇದಿತಾಗೆ ಆಗ ಹನ್ನೊಂದು. ಅವಮಾನದಿಂದ ಅಳುವುದೊಂದು ಬಾಕಿ. "ಮಮ್ಮಾ, ಸ್ನೆಲ್ಲಾ, ಪ್ಲೀಸ್, ನನ್ ಫ್ರೆಂಡ್ಸ್ ಇರೋ ಟೈಮಲ್ಲಿ ಬರ್ಬೇಡ!" ಎಂದು ಗೋಗರೆದಳು. ಭಾನುಮತಿ ಬೆಳಿಗ್ಗೆ ಆರರ ಹೊತ್ತಿಗೆ ಬದಲಾಯಿಸಿಕೊಂಡಳು, ಬಿಡಲಿಲ್ಲ. ಇನ್ನೂರು ಮೀಟರ್ ಈಜಲು ಎಂಟು ತಿಂಗಳು ಹಿಡಿಯಿತು. ಗಂಟು ಕಟ್ಟುವುದು, ನಕ್ಷೆ ಓದುವುದು, ಬಾಲ್ಟಿಕ್ ದಾಟುವುದು, ವಾಂತಿ ಮಾಡಿಕೊಂಡೇ ಚುಕ್ಕಾಣಿ ಹಿಡಿಯುವುದು, ಎಲ್ಲಕ್ಕೂ ಸೇರಿ ಐದು ಬೇಸಿಗೆ ಹೋದವು.

ಐದನೆಯ ಬೇಸಿಗೆಯ ಕೊನೆಗೆ ಗುನ್ನೆಲ್ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು. ನಾರ್ವೆಗೂ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದಿಂದ ಎಂಬತ್ತನೆಯ ಅಕ್ಷಾಂಶ ಮುಟ್ಟಿ ಬರಬೇಕು. ಎರಡು ಸಲ ಹೋಗಿದ್ದಳು, ಎರಡು ಸಲವೂ ಮಂಜುಗಡ್ಡೆ ಅಡ್ಡ ಬಂದಿತ್ತು. ಈಗ ಅರವತ್ತಾರು ನಡೆಯುತ್ತಿತ್ತು, ಮಂಡಿ ಚಿಪ್ಪಿನ ಆಪರೇಷನ್ ಬೇರೆ ಕಾದಿತ್ತು. "ಇದು ನನ್ನ ಕಡೇ ಸಲ. ನಾನು, ನನ್ನ ಅಣ್ಣ ಟೋರ್ಸ್ಟೆನ್, ಮೂರನೆಯವಳು ನೀನು. ಬರ್ತೀಯಾ?" ಎಂದಳು.

ಭಾನುಮತಿ ಬರುತ್ತೇನೆ ಎಂದಳು. ಜೊತೆಗೆ ತನ್ನದೂ ಒಂದು ಷರತ್ತು ಇದೆ ಎಂದಳು. ಆ ಷರತ್ತಿನ ಹಿಂದೆ ಇದ್ದ ಕಥೆ ಅದುವರೆಗೆ ಗೊತ್ತಿದ್ದದ್ದು ಗಂಡ ರಾಜಶೇಖರನೊಬ್ಬನಿಗೆ.

1997. ಭಾನುಮತಿಗೆ ಇಪ್ಪತ್ನಾಲ್ಕು, ಬಯಲುಸೀಮೆಯ ಒಂದು ತಾಲ್ಲೂಕಿನ ಸಬ್‌ಸ್ಟೇಷನ್ನಿನಲ್ಲಿ ಎಂಜಿನಿಯರ್. ಅಲ್ಲೊಂದು ಪದ್ಧತಿ ಉಂಟು. ಕಂಬ ಹತ್ತುವ ಲೈನ್‌ಮನ್ ಮೊದಲು ಎಲ್‌ಸಿ ತೆಗೆದುಕೊಳ್ಳುತ್ತಾನೆ, ಅಂದರೆ ಲೈನ್ ಕ್ಲಿಯರ್. ಅವನ ಹೆಸರು ಬರೆದುಕೊಂಡು ಕರೆಂಟ್ ತೆಗೆಯುತ್ತಾರೆ. ಕೆಲಸ ಮುಗಿಸಿ ಕೆಳಗಿಳಿದ ಮೇಲೆ ಅವನೇ ಎಲ್‌ಸಿ ವಾಪಸು ಕೊಡಬೇಕು. ಅವನೇ. ಅವನ ಅಣ್ಣ ಅಲ್ಲ, ತಮ್ಮ ಅಲ್ಲ, ಮೇಲಧಿಕಾರಿಯೂ ಅಲ್ಲ. ಅವತ್ತು ಎಲ್‌ಸಿ ತೆಗೆದುಕೊಂಡವನು ಪ್ರಭಾಕರ ಎಂಬ ಲೈನ್‌ಮನ್. ಊರಲ್ಲಿ ಯಾವುದೋ ದೊಡ್ಡವರ ಸಮಾರಂಭ, ಕರೆಂಟ್ ಯಾಕಿಲ್ಲ ಎಂದು ಫೋನಿನ ಮೇಲೆ ಫೋನು. ಕೊನೆಗೆ ಪ್ರಭಾಕರನ ಜೊತೆಗೆ ಹೋಗಿದ್ದವನೊಬ್ಬ ಫೋನ್ ಮಾಡಿ, "ಎಲ್ಲಾ ಆತು ಮೇಡಂ, ಪ್ರಭಾಕರ ಇಳೀತಾ ಇದಾನೆ, ಹಾಕ್ಬಿಡ್ರಿ" ಎಂದ. ಭಾನುಮತಿ ಒಂದು ಕ್ಷಣ ತಡೆದಳು. ಪಕ್ಕದಲ್ಲಿದ್ದ ಹಿರಿಯರು, "ಪರವಾಗಿಲ್ಲ, ಹಾಕಮ್ಮ" ಎಂದರು. ಹಾಕಿದಳು.

ಪ್ರಭಾಕರ ಇಳಿಯುತ್ತಿರಲಿಲ್ಲ. ಕೊನೆಯ ಒಂದು ನಟ್ಟು ಬಿಗಿ ಮಾಡುತ್ತಿದ್ದ. ಜೀವ ಉಳಿಯಿತು, ಬಲಗೈ ಮೊಣಕೈವರೆಗೆ ಹೋಯಿತು. ವಿಚಾರಣೆ ಆಗಿ, ಭಾನುಮತಿಯದೇನೂ ತಪ್ಪಿಲ್ಲ ಎಂದು ಬರೆದು ಕಡತ ಮುಚ್ಚಿದರು. ತಪ್ಪಿದೆ ಎಂದು ಬರೆದಿದ್ದರೆ ಅವಳಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಆಸ್ಪತ್ರೆಯ ಗೇಟಿನವರೆಗೆ ಎರಡು ಸಲ ಹೋದಳು, ಒಳಗೆ ಹೋಗಿ ಅವನ ಮುಖ ನೋಡುವ ಧೈರ್ಯ ಬರಲಿಲ್ಲ. ಮೂರು ತಿಂಗಳಿಗೆ ಕೆಲಸ ಬಿಟ್ಟಳು.

ಇದನ್ನೆಲ್ಲ ಗುನ್ನೆಲ್‌ಗೆ ಹೇಳಿ, "ದೋಣಿಲಿ ಯಾರೇ ಎಂಜಿನ್ನಿಗೆ ಕೈ ಹಾಕಿದ್ರೂ ಕೀ ನನ್ನ ಹತ್ರ ಇರ್ಬೇಕು. ಕೈ ಹಾಕಿದೋರೇ ಹೊರಗೆ ಬಂದು, ನನ್ನ ಮುಂದೆ ನಿಂತು ಕೇಳ್ಬೇಕು. ಇದಕ್ಕೆ ಒಪ್ಪೋದಾದ್ರೆ ಬರ್ತೀನಿ" ಎಂದಳು. ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತಾರೆ. ಆದರೂ ಭಾನುಮತಿ ಮನಸ್ಸಿನೊಳಗೆ ಗುನ್ನೆಲ್‌ಗೆ 'ನೀವು' ಅಂತಲೇ ಹೇಳಿಕೊಳ್ಳುತ್ತಿದ್ದಳು. ಗುನ್ನೆಲ್ ಕಾಫಿ ಲೋಟ ಕೆಳಗಿಟ್ಟು, ಅದಕ್ಕೇನಂತೆ, ಆಗಲಿ ಎಂದಳು. ಒಪ್ಪುವುದು ಯಾವಾಗಲೂ ಸುಲಭ.

ಗುನ್ನೆಲ್, ಟೋರ್ಸ್ಟೆನ್ ಮೊದಲೇ ದೋಣಿಯನ್ನು ಟ್ರೋಮ್ಸೋಗೆ ಒಯ್ದಿದ್ದರು; ಜುಲೈ ಮೊದಲ ವಾರ ಮೂವರೂ ಅಲ್ಲಿಂದ ಹೊರಟರು. ಸ್ಟಾಕ್‌ಹೋಮಿನ ಐಟಿ ಆಫೀಸಿಗೆ ದಿನಾ ರೈಲಿನಲ್ಲಿ ಓಡಾಡುವ ರಾಜಶೇಖರ ಅವಳು ವಿಮಾನ ಹತ್ತಿದ ದಿನ ರಜೆ ಹಾಕಿ ಅರ್ಲಾಂಡಾ ವಿಮಾನ ನಿಲ್ದಾಣದವರೆಗೆ ಬಂದಿದ್ದ. "ಹುಷಾರು ಕಣೇ. ಆಗ್ಲಿಲ್ಲ ಅಂದ್ರೆ ವಾಪಸ್ ಬಂದ್ಬಿಡು, ಯಾರೂ ಏನೂ ಅಂದ್ಕೊಳಲ್ಲ" ಎಂದ. "ನಾನು ಅಂದ್ಕೋತೀನಲ್ರೀ" ಎಂದಳು ಇವಳು.

ಸಮುದ್ರ ಏನು ಅಂತ ಆಮೇಲೆ ಗೊತ್ತಾಯಿತು. ಮೊದಲ ಮೂರು ದಿನ ಹೊಟ್ಟೆಯಲ್ಲಿ ನೀರು ಕೂಡ ನಿಲ್ಲಲಿಲ್ಲ. ಆದರೂ ತನ್ನ ನಾಲ್ಕು ಗಂಟೆಯ ಪಾಳಿಯನ್ನು ಒಂದು ಸಲವೂ ಬೇರೆಯವರ ತಲೆಗೆ ಕಟ್ಟಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಚುಕ್ಕಾಣಿ ಹಿಡಿದಳು. ನಾಲ್ಕನೆಯ ದಿನ ಹಸಿವಾಯಿತು. ಊರಿಂದ ತರಿಸಿಟ್ಟಿದ್ದ ಮಂಡಕ್ಕಿಗೆ ಒಗ್ಗರಣೆ ಹಾಕಿದಳು. ಎಪ್ಪತ್ತೊಂದರ ಟೋರ್ಸ್ಟೆನ್ ಎರಡು ಬಟ್ಟಲು ತಿಂದು ಇನ್ನೂ ಇದೆಯಾ ಎಂದು ಪಾತ್ರೆಗೆ ಇಣುಕಿದ. ಆತ ಹಳೆಯ ಮೆಕ್ಯಾನಿಕ್, ಮಾತು ಕಡಿಮೆ. ಕಿವಿಯೂ ಅಷ್ಟಕ್ಕಷ್ಟೆ, ಯಂತ್ರ ಹಚ್ಚಿಕೊಂಡರೆ ಮಾತ್ರ ಕೇಳುತ್ತಿತ್ತು.

ಸೂರ್ಯ ಮುಳುಗುವುದೇ ಇಲ್ಲದ ಆ ದಿನಗಳಲ್ಲಿ ಮೂವರೂ ಗಡಿಯಾರ ನೋಡಿ ಮಲಗಿದರು, ಗಡಿಯಾರ ನೋಡಿ ಎದ್ದರು. ಎಪ್ಪತ್ತೆಂಟು ದಾಟಿತು, ಎಪ್ಪತ್ತೊಂಬತ್ತು ದಾಟಿತು. ಗುನ್ನೆಲ್ ನಕ್ಷೆಯ ಮೇಲೆ ಪೆನ್ಸಿಲ್ ಗುರುತು ಹಾಕುವಾಗಲೆಲ್ಲ ಭಾನುಮತಿ ಹಿಂದೆ ಬಂದು ನಿಲ್ಲುತ್ತಿದ್ದಳು. ಎಂಬತ್ತು ಈಗ ಅವಳಿಗೂ ಬೇಕಾಗಿತ್ತು. ನೀರಿಗೆ ಹೆದರಿದ ಹೆಂಗಸು ಎಲ್ಲಿವರೆಗೆ ಬಂದಳು ಅಂತ ಜಗತ್ತಿಗೆ ಅಲ್ಲದಿದ್ದರೂ ತನಗೆ ತಾನೇ ತೋರಿಸಿಕೊಳ್ಳಬೇಕಿತ್ತು.

ಸ್ವಾಲ್‌ಬಾರ್ಡಿನ ವಾಯವ್ಯ ಮೂಲೆ ದಾಟಿ, ಎಂಬತ್ತಕ್ಕೆ ಇನ್ನು ಹದಿಮೂರು ಸಮುದ್ರ ಮೈಲಿ ಇರುವಾಗ ಗಾಳಿ ಸತ್ತಿತು. ಎಂಜಿನ್ ಹಾಕಿಕೊಂಡು ಹೊರಟ ಅರ್ಧ ಗಂಟೆಗೆ ಗೇರಿನ ತಂತಿ ಪಟ್ ಎಂದು ತುಂಡಾಯಿತು. ಗೇರು ಮುಂದಕ್ಕೇ ಸಿಕ್ಕಿಕೊಂಡಿತು. ಹಿಂದಕ್ಕೆ ಹೋಗುವಂತಿಲ್ಲ, ನಿಲ್ಲಿಸುವಂತಿಲ್ಲ. ಮಂಜುಗಡ್ಡೆಗಳ ನಡುವೆ ಹಾಗೆ ಹೋಗಲು ಸಾಧ್ಯವೇ? ಎಂಜಿನ್ ಆರಿಸಿದರು. ಟೋರ್ಸ್ಟೆನ್ ಹೊಸ ತಂತಿ ಹಿಡಿದುಕೊಂಡು, ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡು, ಹಿಂದಿನ ಮಂಚದ ಕೆಳಗಿನ ಕಿಂಡಿಯೊಳಗೆ ಹೊಟ್ಟೆಯ ಮೇಲೆ ತೆವಳಿ ಹೋದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಗೇರು ಇನ್ನೂ ಮುಂದಕ್ಕೇ ಇದ್ದದ್ದರಿಂದ, ಆಗ ಎಂಜಿನ್ ಶುರು ಮಾಡಿದರೆ ಪ್ರೊಪೆಲರಿನ ದಂಡ ಆತನ ಕೈ ಪಕ್ಕದಲ್ಲೇ ಗಿರ್ರನೆ ತಿರುಗುತ್ತಿತ್ತು. ಭಾನುಮತಿ ಕೀ ಎಳೆದುಕೊಂಡು, ಜಾಕೆಟ್ಟಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು.

ಇಪ್ಪತ್ತು ನಿಮಿಷ ಸುತ್ತಿಗೆ ಸದ್ದು ಕೇಳಿಸಿತು. ಆಮೇಲೆ ನಿಂತಿತು. ಅದೇ ಹೊತ್ತಿಗೆ ಗುನ್ನೆಲ್ ಎಡಕ್ಕೆ ತಿರುಗಿ ನೋಡಿದಳು. ಬಸ್ಸಿನಷ್ಟು ದೊಡ್ಡ ಮಂಜಿನ ಬಂಡೆಯೊಂದು ಪ್ರವಾಹದ ಜೊತೆ ನೇರ ದೋಣಿಯ ಹಿಂಭಾಗಕ್ಕೇ ಬರುತ್ತಿತ್ತು.

"ಎಂಜಿನ್ ಹಾಕು!" ಎಂದು ಗುನ್ನೆಲ್ ಕೂಗಿದಳು.

"ಟೋರ್ಸ್ಟೆನ್ ಹೊರಗೆ ಬಂದಿಲ್ಲ."

"ಸದ್ದು ನಿಂತು ಎಷ್ಟು ಹೊತ್ತಾಯ್ತು! ಅವನ ಕೆಲಸ ಮುಗಿದಿದೆ. ನನ್ನ ಅಣ್ಣ ಅವನು, ನಂಗೆ ಗೊತ್ತು. ಕೀ ಕೊಡು!"

"ಅವರೇ ಬಂದು ಕೇಳ್ಲಿ."

"ಭಾನುಮತಿ! ಈ ದೋಣಿಯ ಕ್ಯಾಪ್ಟನ್ ನಾನು!"

ಬಂಡೆ ಹತ್ತಿರ ಬಂತು. ಒಂದು ಕ್ಷಣ ಕೈ ಜಿಪ್ಪಿನ ಮೇಲೆ ಹೋಯಿತು, ಸುಳ್ಳೇಕೆ ಹೇಳಲಿ. ಕೊಟ್ಟುಬಿಟ್ಟರೆ ಐದು ವರ್ಷದ ಆಸೆ ಉಳಿಯುತ್ತಿತ್ತು, ಗುನ್ನೆಲ್‌ಳ ಕೊನೆಯ ಅವಕಾಶವೂ ಉಳಿಯುತ್ತಿತ್ತು. ಭಾನುಮತಿ ಕೀ ಕೊಡಲಿಲ್ಲ. ಬೆನ್ನು ತಿರುಗಿಸಿ ಮೆಟ್ಟಿಲಿಳಿದು ಓಡಿದಳು. ಟೋರ್ಸ್ಟೆನ್‌ನ ಕಾಲು ಹಿಡಿದು ಅಲ್ಲಾಡಿಸಿದಳು. ಮುದುಕ ಬೆಚ್ಚಿಬಿದ್ದ. ಆಮೇಲೆ ಒಂದೊಂದೇ ಅಂಗುಲ ಹಿಂದಕ್ಕೆ ಸರಿಯುತ್ತ ಹೊರಗೆ ಬಂದ. ಮೊದಲು ಸೊಂಟ, ಆಮೇಲೆ ಬೆನ್ನು, ಕಡೆಗೆ ಎಣ್ಣೆ ಮೆತ್ತಿದ ಎರಡು ಕೈ.

"ಆಯ್ತಾ?" ಎಂದು ಅವಳು ಸನ್ನೆ ಮಾಡಿ ಕೇಳಿದಳು.

"ಆಗಲೇ ಆಯ್ತಲ್ಲ. ಕನ್ನಡಕ ಕೆಳಗೆ ಬಿದ್ದುಬಿಟ್ಟಿತ್ತು, ಹುಡುಕ್ತಿದ್ದೆ. ಕೀ ಕೊಡು" ಎಂದ ಟೋರ್ಸ್ಟೆನ್.

ಅವನ ಕೈಗೆ ಕೀ ಇಟ್ಟಳು. ಅವನು ಮೆಟ್ಟಿಲಿಗೆ ಕಾಲಿಡುವಾಗ ದೋಣಿಯ ಹಿಂಭಾಗಕ್ಕೆ ಬಂಡೆ ಬಡಿದು ಕಬ್ಬಿಣ ನರಳಿದ ಸದ್ದಾಯಿತು, ಮೂವರೂ ಮುಗ್ಗರಿಸಿದರು. ಗುನ್ನೆಲ್ ಅಣ್ಣನ ಕೈಯಿಂದ ಕೀ ಕಿತ್ತುಕೊಂಡು ಎಂಜಿನ್ ಹಾಕಿ ದೋಣಿಯನ್ನು ಬಿಡಿಸಿಕೊಂಡಳು ನಿಜ. ಆದರೆ ನೀರೊಳಗಿನ ಚುಕ್ಕಾಣಿಯ ಹಲಗೆ ಬಾಗಿತ್ತು. ಎರಡು ಕೈಯಿಂದ ಜಗ್ಗಿದರೂ ಬಲಕ್ಕೆ ಅರ್ಧ ಮಾತ್ರ ತಿರುಗುತ್ತಿತ್ತು. ಅಂಥ ದೋಣಿಯನ್ನು ಉತ್ತರಕ್ಕೆ ಒಯ್ಯುವುದು ಹುಚ್ಚುತನ. ಗುನ್ನೆಲ್ ದೋಣಿಯ ಮೂತಿಯನ್ನು ದಕ್ಷಿಣಕ್ಕೆ ತಿರುಗಿಸಿದಳು.

ಒಂದು ಗಂಟೆ ಹಾಗೇ ಸಾಗಿದರು. ಆಮೇಲೆ ಗುನ್ನೆಲ್ ಸಿಡಿದಳು. "ಅವನ ಕೈ ಆ ದಂಡದಿಂದ ದೂರ ಇತ್ತು! ಕನ್ನಡಕ ಹುಡುಕ್ತಿದ್ದ, ಕನ್ನಡಕ! ನಾನು ಹೇಳಿದಾಗ ನೀನು ಕೀ ಕೊಟ್ಟಿದ್ರೆ ನಾವಿಷ್ಟೊತ್ತಿಗೆ ಎಂಬತ್ತರ ಹತ್ತಿರ ಇರ್ತಿದ್ವಿ."

"ಕೈ ದೂರ ಇದೆ ಅಂತ ನಿಮ್ಗೆ ಆಗ ಗೊತ್ತಿತ್ತಾ, ಗುನ್ನೆಲ್?"

ಗುನ್ನೆಲ್ ಮತ್ತೆ ಚುಕ್ಕಾಣಿ ಜಗ್ಗತೊಡಗಿದಳು.

"ನಂಗೂ ಗೊತ್ತಿರ್ಲಿಲ್ಲ. ನಿಮ್ಮ ಎಂಬತ್ತು ನನ್ನಿಂದ ಹೋಯ್ತು, ಅದಕ್ಕೆ ಎಷ್ಟು ಸಲ ಬೇಕಾದ್ರೂ ಕ್ಷಮೆ ಕೇಳ್ತೀನಿ. ಆದ್ರೆ ನಾಳೆ ಮತ್ತೆ ಹೀಗೇ ಆದ್ರೂ ನಾನು ಕೀ ಕೊಡಲ್ಲ."

ಕೆಳಗೆ ಹೋಗಿ ಮಲಗುವ ಚೀಲದೊಳಗೆ ಮುಖ ಹುದುಗಿಸಿದ ಮೇಲೆ ಅಳು ಬಂತು. ಎಂಬತ್ತು ಕೈತಪ್ಪಿದ ದುಃಖ ಅದು, ಬೇರೇನಲ್ಲ. ಹದಿಮೂರೇ ಹದಿಮೂರು ಮೈಲಿ! ಟೋರ್ಸ್ಟೆನ್ ಒಂದು ಲೋಟ ಚಹಾ ತಂದು ತಲೆಯ ಹತ್ತಿರ ಇಟ್ಟು ಹೋದ.

ಎರಡು ದಿನಕ್ಕೆ ಸ್ವಾಲ್‌ಬಾರ್ಡಿನ ಲಾಂಗ್‌ಯಿಯರ್‌ಬ್ಯೆನ್ ಬಂದರಿನಲ್ಲಿ ದೋಣಿ ಕಟ್ಟಿದರು. ಆ ಜಗಳವಾದ ಮೇಲೆ ಗುನ್ನೆಲ್ ಅಪ್ಪಣೆ ಬಿಟ್ಟು ಬೇರೆ ಮಾತಾಡಿರಲಿಲ್ಲ. ಭಾನುಮತಿ ದಡಕ್ಕೆ ಇಳಿದ ಕೂಡಲೇ ಮನೆಗೆ ಫೋನ್ ಮಾಡಿದಳು.

"ಮುಟ್ಟಿದ್ಯಾ?" ಎಂದ ರಾಜಶೇಖರ.

"ಇಲ್ಲ ರೀ. ಹದಿಮೂರು ಮೈಲಿ ಉಳೀತು. ನಾನು ಕೀ ಕೊಡ್ಲಿಲ್ಲ."

ಯಾವ ಕೀ, ಏನು ಕಥೆ ಎಂದು ಅವನು ಕೇಳಲಿಲ್ಲ. "ಎಲ್ಲಾರ್ ಕೈನೂ ನೆಟ್ಟಗಿದೆ ತಾನೆ?" ಎಂದ.

"ಇದೆ."

"ಸರಿ ಹಂಗಾದ್ರೆ. ಏನಾದ್ರೂ ತಿನ್ನು, ದನಿ ಬಿದ್ದೋಗಿದೆ."

ಅವಳು ದೋಣಿಗೆ ಮರಳಿ ಚೀಲ ಕಟ್ಟಿದಳು. ಮರುದಿನದ ವಿಮಾನಕ್ಕೆ ಹೋಗಿಬಿಡುವುದೆಂದು ತೀರ್ಮಾನಿಸಿದ್ದಳು. ಮಾತು ಬಿಟ್ಟವರ ಮಗ್ಗುಲಲ್ಲಿ ಕೂತು ಅನ್ನ ತಿನ್ನುವುದು ಅವಳಿಗೆ ಆಗದ ಕೆಲಸ. ಚೀಲ ಹಿಡಿದು ಮೇಲೆ ಬಂದರೆ, ಗುನ್ನೆಲ್ ರಬ್ಬರಿನ ಮುಳುಗುಡುಗೆ ತೊಟ್ಟುಕೊಂಡು ದೋಣಿಯ ಹಿಂಬದಿಯಲ್ಲಿ ನಿಂತಿದ್ದಳು. ಬಾಗಿದ ಚುಕ್ಕಾಣಿಯನ್ನು ನೀರಿಗಿಳಿದೇ ನೋಡಬೇಕಿತ್ತು. ಆ ಹಲಗೆಗೆ ಒಂದು ಮೊಳ ಮುಂದೆಯೇ ಪ್ರೊಪೆಲರ್.

ಗುನ್ನೆಲ್ ಎಂಜಿನ್ನಿನ ಕೀ ತೆಗೆದಳು. ಟೋರ್ಸ್ಟೆನ್ ಪಕ್ಕದಲ್ಲೇ ನಿಂತು ಕೈ ಚಾಚಿದ್ದ. ಆಕೆ ಅವನನ್ನು ದಾಟಿಕೊಂಡು ಭಾನುಮತಿಯ ಹತ್ತಿರ ಬಂದು, ಅವಳ ಅಂಗೈ ಬಿಡಿಸಿ ಅದರೊಳಗೆ ಕೀ ಇಟ್ಟು, ಬೆರಳುಗಳನ್ನು ತಾನೇ ಮಡಿಸಿದಳು. ಆಮೇಲೆ ಹೋಗಿ ನೀರಿಗಿಳಿದಳು.

ಭಾನುಮತಿ ಚೀಲ ಕೆಳಗಿಟ್ಟಳು. ಹತ್ತು ನಿಮಿಷಕ್ಕೆ ಬಂದರಿನವನೊಬ್ಬ ಬಂದು, ದೊಡ್ಡ ಹಡಗು ಬರುತ್ತಿದೆ, ದೋಣಿಯನ್ನು ಈಗಲೇ ಆ ಕಡೆಗೆ ಸರಿಸಿ ಎಂದ. ಟೋರ್ಸ್ಟೆನ್ ಅವಳ ಮುಖ ನೋಡಿದ. ಅವಳು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದಳು. ಬಂದರಿನವನು ಗಡಿಯಾರ ತೋರಿಸಿ ಗೊಣಗಿದ. ಗೊಣಗಲಿ. ಅವಳು ಕೀ ಹಿಡಿದ ಮುಷ್ಟಿಯನ್ನು ಎದೆಗೊತ್ತಿಕೊಂಡು ನೀರನ್ನೇ ನೋಡುತ್ತ ನಿಂತಳು.

ಗುನ್ನೆಲ್ ಏಣಿ ಹತ್ತಿ ಬಂದಾಗ ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಅಲ್ಲಿಂದಲೇ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ನೋಯುವ ಮಂಡಿ ಎಳೆದುಕೊಂಡು ಭಾನುಮತಿಯ ಮುಂದೆ ಬಂದು ನಿಂತಳು, ಕೈಗವಸು ಕಳಚಿ ಎರಡು ಕೈಗಳನ್ನೂ ಮುಂದೆ ಚಾಚಿದಳು.

"ನಾನು ಹೊರಗೆ ಬಂದಿದ್ದೀನಿ. ನಾನೇ ಕೇಳ್ತಿದ್ದೀನಿ. ಕೀ ಕೊಡು."

ಭಾನುಮತಿ ಆ ಕೈಗಳನ್ನು ನೋಡಿದಳು. ಚಳಿಗೆ ಕೆಂಪಾದ ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಕೀ ಕೊಟ್ಟಳು. ಆಮೇಲೆ ಇದ್ದಲ್ಲೇ ಕುಸಿದು ಕೂತು, ಬಂದರಿನವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ, ಗೊಳೋ ಎಂದು ಅತ್ತಳು. ಹತ್ತೊಂಬತ್ತು ವರ್ಷ ಕಾದಿದ್ದಳು, ಒಬ್ಬರ ಬಾಯಿಂದ ಆ ಮಾತು ಕೇಳಲು. ಗುನ್ನೆಲ್ ಕೀಯನ್ನು ಅಣ್ಣನ ಕಡೆಗೆ ಎಸೆದು, ನೀರು ಸುರಿಯುವ ಉಡುಗೆಯಲ್ಲೇ ಅವಳ ಪಕ್ಕಕ್ಕೆ ಕೂತುಕೊಂಡಳು.